ಲಾರ್ಚ್ ನೆಡೋಣ ಅಂದವರಿಗೆ: ಬಯಲುಸೀಮೆಯ ಜಮೀನಿಗೆ ಯಾವ ಮರ?

ಹೋದ ಅಕ್ಟೋಬರ್‌ನಲ್ಲಿ ನಮ್ಮಕ್ಕನ ಮಗ ಸ್ವಿಟ್ಜರ್ಲೆಂಡಿನಿಂದ ಒಂದು ಫೋಟೋ ಕಳಿಸಿದ. ಬೆಟ್ಟದ ಮೈಗೆಲ್ಲ ಅರಿಶಿನ ಬಳಿದ ಹಾಗೆ ಮರಗಳು. ಮೇಲೆ ಹಿಮ, ಕೆಳಗೆ ಕೆರೆ. ಜೊತೆಗೆ ಒಂದು ಮೆಸೇಜು: "ಮಾಮ, ಇದು ಪೈನ್ ಅಲ್ಲ, ಲಾರ್ಚ್. ಚಳಿಗಾಲಕ್ಕೆ ಎಲೆ ಪೂರ್ತಿ ಉದುರುತ್ತೆ. ನಂದಿ ತಪ್ಪಲಿನ ನಮ್ಮ ಜಮೀನಿಗೆ ಬದುವಿನುದ್ದಕ್ಕೂ ಇದನ್ನೇ ಹಾಕಿಬಿಡೋಣ. ಭಾರಿ ಗಟ್ಟಿ ಮರ ಅಂತೆ. ಮೈನಸ್ ಅರವತ್ತು ಡಿಗ್ರಿನೂ ತಡೆಯುತ್ತಂತೆ."

ಮೈನಸ್ ಅರವತ್ತು ತಡೆಯುವ ಮರಕ್ಕೆ ನಮ್ಮ ಚಿಕ್ಕಬಳ್ಳಾಪುರ ಯಾವ ಲೆಕ್ಕ ಅನ್ನುವುದು ಅವನ ವಾದ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ರಾಗಿ ಗಟ್ಟಿ ಬೆಳೆ ಅಂತ ಕೆರೆಯಂಗಳದಲ್ಲಿ ನೀರು ನಿಂತ ಕಡೆ ಬಿತ್ತಿದರೆ ಏನಾಗುತ್ತದೆ? ಕೊಳೆಯುತ್ತದೆ. ಮರ ಗಟ್ಟಿ ಅಂದಾಗ, ಯಾವುದರ ಎದುರು ಗಟ್ಟಿ ಅಂತ ಒಂದು ಪ್ರಶ್ನೆ ಕೇಳಲೇಬೇಕು.

ನಾನು ಅವನನ್ನು ನೋಡಿ ನಗಲಿಲ್ಲ. ಇದೇ ಹುಚ್ಚು ಕೆಲವು ವರ್ಷದ ಹಿಂದೆ ನನಗೂ ಹಿಡಿದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊರದೇಶದ ಮರದ ಫೋಟೋ ನೋಡಿ ಆಸೆ ಪಡುವವರು ನಮ್ಮ ಕಡೆ ಈಗ ಜಾಸ್ತಿ. ಜಮೀನು ತೆಗೆದುಕೊಂಡು ವೀಕೆಂಡಿಗೆ ಬರುವವರಂತೂ ಮೊದಲು ಕೇಳುವುದೇ ಇಂಥ ಮರ.

ಲಾರ್ಚ್ ಎಂಥ ಮರ

ಪೈನ್, ದೇವದಾರು, ಸ್ಪ್ರೂಸ್ ಇವುಗಳ ಕುಟುಂಬಕ್ಕೇ ಸೇರಿದ್ದು ಲಾರ್ಚ್. ಸೂಜಿ ಎಲೆ. ಹಣ್ಣಿನ ಬದಲು ಮರದ ಚಿಪ್ಪುಗಳ ಪುಟ್ಟ ಶಂಕು. ಆ ಕುಟುಂಬದಲ್ಲಿ ಹೆಚ್ಚು ಕಡಿಮೆ ಎಲ್ಲರೂ ವರ್ಷವಿಡೀ ಹಸಿರು. ಇದು ಮಾತ್ರ ಚಳಿಗಾಲದ ಹೊತ್ತಿಗೆ ಬೋಳು. ಎಲೆ ಮುಟ್ಟಿದರೆ ಚುಚ್ಚುವುದಿಲ್ಲ, ಮೆತ್ತಗಿರುತ್ತದೆ. ಗಂಟಿನಂಥ ಒಂದೊಂದು ಮೋಟು ಕಡ್ಡಿಯಿಂದ ಇಪ್ಪತ್ತು ಮೂವತ್ತು ಸೂಜಿಗಳು ಕುಂಚದ ಹಾಗೆ ಹೊರಡುತ್ತವೆ. ಚಳಿಗಾಲದಲ್ಲಿ ಗೊತ್ತಿಲ್ಲದವರು ನೋಡಿದರೆ ಮರ ಸತ್ತಿದೆ ಅಂತಲೇ ಅಂದುಕೊಳ್ಳಬೇಕು.

ಯಾಕೆ ಉದುರಿಸುತ್ತದೆ ಅನ್ನುವುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವ ವಿಷಯ. ಅಲ್ಲಿ ಚಳಿಗಾಲ ಅಂದರೆ ಬರಗಾಲ. ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ನೀರು ಇದೆ, ಆದರೆ ಮಂಜುಗಡ್ಡೆಯಾಗಿದೆ. ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಮೇಲೆ ಬೀಸುವ ಗಾಳಿ ಮಾತ್ರ ಒಣಗಿಸುತ್ತಲೇ ಇರುತ್ತದೆ. ಎಲೆ ಇದ್ದರೆ ಅದರಿಂದ ನೀರು ಹೋಗುತ್ತಲೇ ಇರುತ್ತದೆ, ಹಿಮವೂ ಅದರ ಮೇಲೆ ಕೂತು ಕೊಂಬೆ ಮುರಿಯುತ್ತದೆ. ಪೈನ್ ತನ್ನ ಎಲೆಗೆ ದಪ್ಪ ಮೇಣ ಸವರಿಕೊಂಡು ಕಾಯುತ್ತದೆ. ಲಾರ್ಚ್ ಎಲೆಯನ್ನೇ ಬಿಟ್ಟುಬಿಡುತ್ತದೆ. ಬಿಡುವ ಮುನ್ನ ಎಲೆಯಲ್ಲಿದ್ದ ಸಾರಜನಕವನ್ನು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ, ಬಾಡಿಗೆ ಮನೆ ಖಾಲಿ ಮಾಡುವಾಗ ನಾವು ಬಲ್ಬನ್ನೂ ಬಿಚ್ಚಿಕೊಂಡು ಹೋಗುವ ಹಾಗೆ. ಹಸಿರು ಹೋಗಿ ಉಳಿಯುವ ಬಣ್ಣವೇ ಆ ಚಿನ್ನದ ಹಳದಿ.

ನಮ್ಮ ಬೂರುಗ, ಮುತ್ತುಗ, ತೇಗ ಮಾಡುವುದೂ ಇದೇ ಅಲ್ವಾ? ಇವು ಬೇಸಿಗೆಯ ಒಣ ತಿಂಗಳುಗಳಿಗೆ ಎಲೆ ಬಿಡುತ್ತವೆ, ಅದು ಹಿಮದ ತಿಂಗಳುಗಳಿಗೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಆಲ್ಪ್ಸ್ ಬೆಟ್ಟಗಳಲ್ಲಿ ಸುಮಾರು ಎಂಟೊಂಬತ್ತು ವರ್ಷಕ್ಕೊಮ್ಮೆ ಒಂದು ಪತಂಗದ ಹುಳು ಲೆಕ್ಕವಿಲ್ಲದಷ್ಟು ಹುಟ್ಟಿ ಲಾರ್ಚ್ ಕಾಡಿಗೆ ಕಾಡನ್ನೇ ಬೋಳಿಸುತ್ತದೆ. ನಡು ಬೇಸಿಗೆಯಲ್ಲಿ ಬೆಟ್ಟ ಕಂದು ಬಣ್ಣಕ್ಕೆ ತಿರುಗುತ್ತದೆ. ಮರ ಸಾಯುವುದು ಕಮ್ಮಿ. ಅದೇ ವರ್ಷ ಮತ್ತೆ ಚಿಗುರುತ್ತದೆ. ಎರಡು ತಿಂಗಳಿಗೊಮ್ಮೆ ಬೋಳಿಸಿದರೂ ಮತ್ತೆ ಸೊಪ್ಪು ಕೊಡುವ ಹಿಪ್ಪುನೇರಳೆ ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ. ಆದರೆ ಸೂಜಿ ಎಲೆಯ ಮರಗಳಲ್ಲಿ ಇದು ಅಪರೂಪ. ಎಲೆ ಕಳೆದುಕೊಳ್ಳುವುದು ಅಭ್ಯಾಸವಾದ ಮರಕ್ಕೆ ಮಾತ್ರ ಇದು ಸಾಧ್ಯ.

ಲಾರ್ಚ್‌ನಲ್ಲಿ ಹತ್ತು ಹನ್ನೆರಡು ಜಾತಿ ಇವೆ. ನನ್ನ ಸೋದರಳಿಯ ನೋಡಿದ್ದು ಯುರೋಪಿನದು. ಅವನು ಹೇಳಿದ ಮೈನಸ್ ಅರವತ್ತು ಸೈಬೀರಿಯಾದ ಮರಕ್ಕೆ ಸಲ್ಲುವ ಮಾತು. ರಷ್ಯಾದ ತೈಮಿರ್ ಪ್ರದೇಶದಲ್ಲಿ 72 ಡಿಗ್ರಿ ಅಕ್ಷಾಂಶ ದಾಟಿಯೂ ದಹೂರಿಯನ್ ಲಾರ್ಚ್ ನಿಂತಿದೆ. ಭೂಮಿಯ ಮೇಲೆ ಅದಕ್ಕಿಂತ ಉತ್ತರಕ್ಕೆ ಕಾಡು ಇಲ್ಲ. ಬೇಸಿಗೆಯಲ್ಲಿ ಮೇಲಿನ ತೆಳು ಮಣ್ಣು ಮಾತ್ರ ಕರಗುತ್ತದೆ. ಅಷ್ಟರಲ್ಲೇ ಬೇರು ಹರಡಿಕೊಂಡು ಬದುಕುತ್ತದೆ. ಜಪಾನಿನದು ಬೇರೆ, ಅಮೆರಿಕದ್ದು ಬೇರೆ. ನಮ್ಮ ದೇಶದ್ದೂ ಒಂದಿದೆ, ಸಿಕ್ಕಿಂ ಲಾರ್ಚ್. ಅದರ ವಿಷಯ ಆಮೇಲೆ.

ಇಲ್ಲಿ ಯಾಕೆ ಬರುವುದಿಲ್ಲ

ನನ್ನ ಕಥೆ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಒಬ್ಬರು ಲಾರ್ಚ್ ಬೀಜ ಮಾರುತ್ತಿದ್ದರು. ಪೊಟ್ಟಣದ ಮೇಲೆ "ಎಲ್ಲ ಹವಾಮಾನಕ್ಕೂ ಸೂಕ್ತ" ಅಂತ ಬರೆದಿತ್ತು. ತರಿಸಿದೆ. ಒದ್ದೆ ಮರಳಲ್ಲಿ ಬೆರೆಸಿ, ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ಒಂದು ತಿಂಗಳು ಇಟ್ಟೆ. ಮನೆಯವಳು ಹಿಟ್ಟಿನ ಡಬ್ಬಿ ಪಕ್ಕ ಮರಳು ಕಂಡು ಬೈದಳು. ಡಿಸೆಂಬರ್‌ನಲ್ಲಿ ಬಿತ್ತಿದಾಗ ಹನ್ನೊಂದು ಸಸಿ ಎದ್ದವು. ಎಷ್ಟು ಖುಷಿ ಅಂದರೆ ಬಂದವರಿಗೆಲ್ಲ ತೋರಿಸಿದೆ. ಶಿವರಾತ್ರಿವರೆಗೂ ಚೆನ್ನಾಗೇ ಇದ್ದವು. ಆಮೇಲೆ ಬಿಸಿಲು ಏರಿತು. ಒಂದೊಂದೇ ತುದಿಯಿಂದ ಕಂದಾಗುತ್ತ ಬಂದವು. ನೆರಳು ಬಲೆ ಕಟ್ಟಿದೆ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿದೆ. ಏಪ್ರಿಲ್ ಮುಗಿಯುವುದರಲ್ಲಿ ಹನ್ನೊಂದೂ ಹೋದವು. ಮಾರಿದವರಿಗೆ ಬರೆದರೆ ನೀರು ಹೆಚ್ಚಾಗಿರಬೇಕು ಅಂದರು.

ತಪ್ಪು ನೀರಿನದಲ್ಲ, ನಮ್ಮ ಬೇಸಿಗೆಯದು. ಅದರ ಮೇಲೆ ಇನ್ನೊಂದು ತೊಡಕೂ ಇದೆ. ಎಲೆ ಉದುರಿಸಿದ ಲಾರ್ಚ್ ಮೊಗ್ಗು ಮತ್ತೆ ಒಡೆಯಬೇಕಾದರೆ ವಾರಗಟ್ಟಲೆ ನಿಜವಾದ ಚಳಿ ಬೇಕು. ಆ ಚಳಿ ಆಗದಿದ್ದರೆ ಮರಕ್ಕೆ ವಸಂತ ಬಂದದ್ದೇ ತಿಳಿಯುವುದಿಲ್ಲ. ಒಂದು ಬೇಸಿಗೆ ಹೇಗೋ ದಾಟಿಸಿದರೂ ಮುಂದಿನ ವರ್ಷ ಇದೇ ಗೋಳು. ನಂದಿಬೆಟ್ಟದ ತುದಿ 1478 ಮೀಟರ್. ಜನವರಿ ಬೆಳಗಿನಲ್ಲಿ ಅಲ್ಲಿ ಹತ್ತು ಡಿಗ್ರಿ ಆಸುಪಾಸಿನ ಚಳಿಗೇ ನಾವು ಮಫ್ಲರ್ ಸುತ್ತುತ್ತೇವೆ, ಮಧ್ಯಾಹ್ನಕ್ಕೆ ಬಿಚ್ಚುತ್ತೇವೆ. ಲಾರ್ಚ್ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ.

ಹಗಲಿನ ಉದ್ದವೂ ಒಂದು ಕಾರಣ. ಆಲ್ಪ್ಸ್‌ನಲ್ಲಿ ಜೂನ್ ಹಗಲು ಹದಿನಾರು ಗಂಟೆಗೆ ಹತ್ತಿರ, ಡಿಸೆಂಬರ್ ಹಗಲು ಎಂಟೂವರೆ. ಹಗಲು ಗಿಡ್ಡವಾಗುವುದನ್ನು ನೋಡಿಯೇ ಮರ ಮಲಗುವ ತಯಾರಿ ಮಾಡುತ್ತದೆ. ನಾವಿರುವ 13 ಡಿಗ್ರಿ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಮರಕ್ಕೆ ಗಡಿಯಾರವೇ ಸಿಗುವುದಿಲ್ಲ.

ಹಾಗಾದರೆ ಹೊರಗಿನ ಮರ ಯಾವುದೂ ಬರುವುದಿಲ್ಲವೇ ಅಂತ ಕೇಳಬಹುದು. ಬರುತ್ತವೆ, ಅದೂ ಜಾಸ್ತಿಯೇ ಬರುತ್ತವೆ. ಭಾರತದಲ್ಲಿ ನೀಲಗಿರಿ ಮರವನ್ನು ಮೊದಲು ನೆಟ್ಟದ್ದೇ ನಮ್ಮ ನಂದಿಬೆಟ್ಟದ ತೋಟದಲ್ಲಿ, ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ ಅಂತ ಅರಣ್ಯ ಪುಸ್ತಕಗಳು ಹೇಳುತ್ತವೆ. ಆಸ್ಟ್ರೇಲಿಯಾದ ಬಿಸಿಲಿಗೂ ನಮ್ಮ ಬಿಸಿಲಿಗೂ ಹೊಂದಿತು. ಆಮೇಲೆ ಕೋಲಾರ, ಚಿಕ್ಕಬಳ್ಳಾಪುರದ ರಾಗಿ ಹೊಲಗಳಿಗೆಲ್ಲ ಹಬ್ಬಿತು. ಕೊನೆಗೆ 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬೇಡಿ ಅಂತ ರಾಜ್ಯ ಸರ್ಕಾರವೇ ಹೇಳಬೇಕಾಯಿತು. ಸ್ಕಾಟ್ಲೆಂಡಿನವರು ಆಲ್ಪ್ಸ್‌ನಿಂದ ಲಾರ್ಚ್ ಸಸಿ ತಂದು ಡಂಕೆಲ್ಡ್ ಅನ್ನುವ ಊರಲ್ಲಿ 1738ರಲ್ಲಿ ನೆಟ್ಟರು. ಅಲ್ಲಿ ಚಳಿ ಇತ್ತು, ಹಿಡಿಯಿತು. ಆ ಮರಗಳಲ್ಲಿ ಒಂದು ಇನ್ನೂ ಇದೆ. ಅಲ್ಲಿಂದ ಲಾರ್ಚ್ ಬೆಟ್ಟ ಬೆಟ್ಟಗಳನ್ನೇ ತುಂಬಿತು. ಮರ ಎಷ್ಟು ದೂರದಿಂದ ಬಂತು ಅನ್ನುವುದು ಮುಖ್ಯವಲ್ಲ. ಎಂಥ ಹವೆಯಿಂದ ಬಂತು ಅನ್ನುವುದು ಮುಖ್ಯ.

ಲಾರ್ಚ್‌ನಲ್ಲಿ ನಿಮಗೆ ಹಿಡಿಸಿದ್ದು ಏನು?

ಸೋದರಳಿಯನಿಗೆ ನಾನು ಕೇಳಿದ್ದು ಇದನ್ನೇ. ಆಕಾರವಾ, ಬಣ್ಣವಾ, ಮರದ ದುಡ್ಡಾ, ಗಟ್ಟಿತನವಾ? ನಾಲ್ಕೂ ಒಂದೇ ಮರದಲ್ಲಿ ಬೇಕು ಅಂದರೆ ಅವನು ಅಲ್ಲೇ ಇರಬೇಕು. ಒಂದೊಂದಾಗಿ ಆರಿಸಿದರೆ ನಮ್ಮ ಮಣ್ಣಲ್ಲೂ ದಾರಿ ಇದೆ.

ಆಕಾರ ಬೇಕಾದವರಿಗೆ ನರ್ಸರಿಯವರು ಕೂಡಲೇ ತೋರಿಸುವುದು ಕ್ರಿಸ್ಮಸ್ ಟ್ರೀ. ನಿಜವಾದ ಹೆಸರು ಅರಕೇರಿಯಾ. ಲಾಲ್‌ಬಾಗ್‌ನ ಗಾಜಿನ ಮನೆ ಹತ್ತಿರ ಆಕಾಶಕ್ಕೆ ನಿಂತಿರುವುದು ಇದೇ. ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದದ್ದು, ಹಾಗಾಗಿ ಬಿಸಿಲಿಗೆ ಹೆದರುವುದಿಲ್ಲ. ನಮ್ಮ ಕೆಂಪು ಮಣ್ಣಲ್ಲಿ, ಮೊದಲ ಮೂರು ನಾಲ್ಕು ವರ್ಷ ಡ್ರಿಪ್ ಕೊಟ್ಟರೆ, ಚೆನ್ನಾಗಿ ಬರುತ್ತದೆ. ಎರಡು ತೊಂದರೆ. ಮೊದಲನೆಯದು, ಕುಂಡದಲ್ಲಿ ಮುದ್ದಾಗಿರುವ ಗಿಡ ಮುಂದೆ ನೂರಡಿ ದಾಟುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮನೆ ಗೋಡೆಗೆ ಆರಡಿ ದೂರದಲ್ಲಿ, ಕರೆಂಟ್ ತಂತಿಯ ಕೆಳಗೆ ನೆಟ್ಟವರನ್ನು ನಾನೇ ನೋಡಿದ್ದೇನೆ. ಎರಡನೆಯದು ತಮಾಷೆಯದು. ಇದರಲ್ಲಿ ಕುಕ್ ಪೈನ್ ಅನ್ನುವ ಜಾತಿ ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. ನಮ್ಮಲ್ಲಿ ದಕ್ಷಿಣಕ್ಕೆ, ಆಸ್ಟ್ರೇಲಿಯಾದಲ್ಲಿ ಉತ್ತರಕ್ಕೆ. ಬೇರೆ ಬೇರೆ ಖಂಡಗಳಲ್ಲಿ ಅಳೆದು ನೋಡಿದವರಿಗೆ ಸರಾಸರಿ ಎಂಟೂವರೆ ಡಿಗ್ರಿ ವಾಲು ಸಿಕ್ಕಿತು. ನೇರ ನೆಟ್ಟಿಲ್ಲ ಅಂತ ತೋಟದ ಆಳನ್ನು ಬೈಯುವ ಮುನ್ನ ಇದು ಗೊತ್ತಿರಲಿ. ಇನ್ನು ಎಲೆ ಉದುರುವ ಚೆಂದ ಇದರಲ್ಲಿಲ್ಲ, ವರ್ಷಪೂರ್ತಿ ಒಂದೇ ಹಸಿರು. ನನಗೆ ಸ್ವಲ್ಪ ಬೇಸರವೇ.

ಸರ್ವೆ ಮರ ದೂರದಿಂದ ಪೈನ್ ಹಾಗೆ ಕಾಣುತ್ತದೆ. ಪೈನ್ ಅಲ್ಲ, ಹೂ ಬಿಡುವ ಮರ. ಸೂಜಿ ಅಂತ ನಾವು ಅಂದುಕೊಂಡದ್ದು ಎಲೆಯಲ್ಲ, ಸಣ್ಣ ಕಡ್ಡಿ. ಅದರ ಗೆಣ್ಣು ಗೆಣ್ಣಿಗೆ ಅಂಟಿರುವ ಪುಟ್ಟ ಹಲ್ಲುಗಳೇ ಎಲೆ. ಚಿಕ್ಕವರಿದ್ದಾಗ ಗೆಣ್ಣಲ್ಲಿ ಕಿತ್ತು, ಮತ್ತೆ ಸೇರಿಸಿ, ಎಲ್ಲಿ ಮುರಿದಿದೆ ಹೇಳು ಅಂತ ಆಡುತ್ತಿದ್ದೆವು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ, ಹಾಗಾಗಿ ಬರಡು ಮಣ್ಣಲ್ಲೂ ಏಳುತ್ತದೆ. ದ್ರಾಕ್ಷಿ, ಟೊಮೆಟೊ ತೋಟಕ್ಕೆ ಗಾಳಿ ತಡೆ ಬೇಕಿದ್ದರೆ ಎರಡು ಸಾಲು ಸರ್ವೆ ಹಾಕಿ, ಬೇರೆ ಯೋಚನೆಯೇ ಬೇಡ. ನಾಲ್ಕೈದು ವರ್ಷಕ್ಕೆ ಕಂಬ, ಕೋಲು ಬರುತ್ತವೆ. ಅದರ ಕೆಳಗೆ ಕೂತರೆ ಗಾಳಿಯ ಸದ್ದು ಸಮುದ್ರದ ಹಾಗೆ ಕೇಳುತ್ತದೆ. ಸಮುದ್ರವಿಲ್ಲದ ಊರಿನವರಿಗೆ ಅಷ್ಟೇ ಲಾಭ.

ಎಲೆ ಉದುರಿಸುವ ಸೂಜಿ ಮರವೇ ಬೇಕು ಅಂತ ಹಟ ಹಿಡಿದವರಿಗೆ ಬಾಲ್ಡ್ ಸೈಪ್ರೆಸ್ ಇದೆ. ಅಮೆರಿಕದ ಆಗ್ನೇಯ ಭಾಗದ ಜೌಗು ಪ್ರದೇಶದ ಮರ. ಶಾಖ ತಡೆಯುತ್ತದೆ. ಅದರ ಮೆಕ್ಸಿಕೋ ನೆಂಟ ಇನ್ನೂ ಹೆಚ್ಚು ತಡೆಯುತ್ತದೆ. ಓಹಾಕದ ಹತ್ತಿರ ಟೂಲೆ ಅನ್ನುವ ಊರಲ್ಲಿರುವ ಒಂದು ಮರದ ಬುಡದ ಸುತ್ತಳತೆ 36 ಮೀಟರಿಗೂ ಜಾಸ್ತಿ. ಆದರೆ ಇವು ನೀರಿನ ಮರಗಳು. ಸಾವಿರ ಅಡಿ ಕೊರೆದ ಬೋರ್‌ವೆಲ್ ನಂಬಿಕೊಂಡು ಜೌಗಿನ ಮರ ಬೆಳೆಸುವುದು ನಮ್ಮ ಜಿಲ್ಲೆಗಳಲ್ಲಿ ಪಾಪದ ಕೆಲಸ. ಕೆರೆ ಅಂಚಿನ ಜಮೀನು, ವರ್ಷದಲ್ಲಿ ಎಂಟು ತಿಂಗಳು ತೇವ ಇರುವ ತಗ್ಗು ಇದ್ದರೆ ಒಂದೆರಡು ಮರ ಹಾಕಿ ನೋಡಿ. ಇನ್ನೊಂದು ಉಪಯೋಗ ಕುಂಡದಲ್ಲಿ. ಬೋನ್ಸಾಯ್ ಮಾಡುವವರು ಲಾರ್ಚ್ ಅಂತ ಬಾಯಿ ಬಿಡುವುದು ಬಿಟ್ಟು ಇದನ್ನು ಹಿಡಿಯಬಹುದು. ಕುಂಡವನ್ನು ನೀರಿನ ತಟ್ಟೆಯಲ್ಲೇ ಇಟ್ಟರೂ ಮುನಿಸಿಕೊಳ್ಳುವುದಿಲ್ಲ. ನಮ್ಮ ಹವೆಯಲ್ಲಿ ಪೂರ್ತಿ ಬೋಳಾಗುತ್ತದೆ ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡಿ.

ಥೂಜಾ ಬಗ್ಗೆ ಕೇಳುವವರಿದ್ದಾರೆ. ಬೇಲಿಗೆ ಸರಿ. ಮರ ಅಂತ ಲೆಕ್ಕಕ್ಕಿಲ್ಲ.

ಬಣ್ಣ ಬೇಕಾದವರಿಗೆ

ಫೋಟೋದಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಬಂಗಾರದ ಬೆಟ್ಟ. ಆ ಬಂಗಾರ ನಮ್ಮಲ್ಲಿ ಎಲೆಯಲ್ಲಿ ಸಿಗುವುದು ಕಡಿಮೆ, ಹೂವಲ್ಲಿ ಸಿಗುತ್ತದೆ. ಅದೂ ಅಕ್ಟೋಬರಿನಲ್ಲಲ್ಲ, ಶಿವರಾತ್ರಿಯಿಂದ ಉಗಾದಿ ದಾಟುವವರೆಗೆ.

ಬಂಡೆ ಇಳಿಜಾರು ಇದ್ದರೆ ನನ್ನ ಓಟು ಅರಿಶಿನ ಬೂರುಗಕ್ಕೆ. ಎಲೆ ಎಲ್ಲ ಕಳಚಿ, ಬೆತ್ತಲೆ ಕೊಂಬೆ ತುದಿಗೆ ಅಂಗೈ ಅಗಲದ ಹಳದಿ ಹೂ. ಕಲ್ಲು ಸಂದಿಯಲ್ಲಿ ಬೇರೂರಿ ನೀರಿಲ್ಲದೆ ಬದುಕುತ್ತದೆ. ಮರದಿಂದ ಮೂರು ಕಾಸು ಹುಟ್ಟುವುದಿಲ್ಲ, ಮೆದು ಮರ. ಆದರೆ ಬಣ್ಣಕ್ಕೆ ಅಂತ ನೆಡುವವರು ಬೀಟೆಯ ಲೆಕ್ಕ ಹಾಕಬಾರದು. ಮನೆ ಮುಂದೆ ಸಪಾಟು ಜಾಗಕ್ಕೆ ಕಕ್ಕೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಗೊಂಚಲು ಗೊಂಚಲು ಹಳದಿ. ಬೆಂಗಳೂರಿನ ರಸ್ತೆಗಳಲ್ಲಿ ಕಾಣುವ ಹಳದಿ ಟಬೆಬುಯಾ ಕೂಡ ಇಲ್ಲಿ ಬರುತ್ತದೆ. ಆದರೆ ಜೋರು ಗಾಳಿಗೆ ಮುರಿಯುವ ಸ್ವಭಾವ ಅದರದು.

ಎಲೆಯ ಬಣ್ಣವೇ ಬೇಕು ಅಂದರೆ ಕಾಡು ಬಾದಾಮಿ. ಉದುರುವ ಮುನ್ನ ಎಲೆ ತಾಮ್ರದ ಕೆಂಪಾಗುತ್ತದೆ. ಶಾಲೆ ಅಂಗಳಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಹಾಗಾಗಿ ಯಾರೂ ಅದನ್ನು ಚೆಂದ ಅಂತ ನೋಡುವುದಿಲ್ಲ. ಅದೇ ಎಲೆ ಜಪಾನಿನಲ್ಲಿ ಉದುರಿದ್ದರೆ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದೆವು.

ದುಡ್ಡಿನ ಲೆಕ್ಕ

ಲಾರ್ಚ್ ಮರಕ್ಕೆ ಯುರೋಪಿನಲ್ಲಿ ದೊಡ್ಡ ಹೆಸರು. ಸೂಜಿ ಎಲೆ ಮರಗಳಲ್ಲಿ ಅದು ಭಾರದ್ದು, ಅಂಟು ತುಂಬಿದ್ದು, ಬೇಗ ಕೊಳೆಯುವುದಿಲ್ಲ. ಆಲ್ಪ್ಸ್ ಹಳ್ಳಿಗಳಲ್ಲಿ ಮನೆ ಮಾಡಿಗೆ ಹೆಂಚಿನ ಬದಲು ಲಾರ್ಚ್ ಹಲಗೆ ಹೊದಿಸುತ್ತಾರೆ. ವೆನಿಸ್ ನಗರದ ಕಟ್ಟಡಗಳ ಅಡಿಯಲ್ಲಿ ಕೆಸರಿಗೆ ಹೊಡೆದ ಗೂಟಗಳಲ್ಲಿ ಓಕ್, ಆಲ್ಡರ್ ಜೊತೆ ಲಾರ್ಚೂ ಇದೆ. ಎತ್ತರದ ಚಳಿಯಲ್ಲಿ ನಿಧಾನ ಬೆಳೆದ ಮರದ ಉಂಗುರಗಳು ಒತ್ತೊತ್ತಾಗಿರುತ್ತವೆ, ಗಟ್ಟಿತನ ಅಲ್ಲಿಂದ ಬರುತ್ತದೆ. ಅಂದರೆ ತಾತ ನೆಟ್ಟದ್ದನ್ನು ಮೊಮ್ಮಗ ಕಡಿಯುವ ಲೆಕ್ಕ.

ನಮ್ಮಲ್ಲಿ ಅಷ್ಟು ಕಾಯುವವರು ಯಾರು? ಅದಕ್ಕೇ ಈಗ ಎಲ್ಲೆಲ್ಲೂ ಹೆಬ್ಬೇವು. ಆರೇಳು ವರ್ಷಕ್ಕೆ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ಇದೂ ಎಲೆ ಉದುರಿಸುವ ಮರವೇ. ಆಳ ಕೆಂಪು ಮಣ್ಣು, ನೀರು ನಿಲ್ಲದ ಜಾಗ, ಮೊದಲೆರಡು ವರ್ಷ ಡ್ರಿಪ್, ಪಕ್ಕದ ಕೊಂಬೆ ಇನ್ನೂ ಎಳಸಾಗಿರುವಾಗಲೇ ಸವರುವುದು. ಇಷ್ಟಿದ್ದರೆ ಬರುತ್ತದೆ. ಜೌಳು ಮಣ್ಣು, ತೆಳು ಮಣ್ಣಿನ ಕಡೆ ಹಾಕಿ ಕೋಲಿನ ಹಾಗೆ ನಿಂತದ್ದೂ ಉಂಟು. ಎಕರೆಗೆ ಇಷ್ಟು ಲಕ್ಷ ಅಂತ ಸಸಿ ಮಾರುವವರು ಹೇಳುವ ಲೆಕ್ಕವನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ, ಆಗಲೂ ಸರಿ ಅನ್ನಿಸಿದರೆ ಹಾಕಿ.

ಸಿಲ್ವರ್ ಓಕ್ ಬದುವಿಗೆ ಒಳ್ಳೆಯದು. ನೇರ ಹೋಗುತ್ತದೆ, ಬೆಳೆಗೆ ನೆರಳು ಕಮ್ಮಿ. ಸಿಲ್ವರ್ ಓಕ್, ಸರ್ವೆ ಎರಡನ್ನೂ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯ ತಾಪತ್ರಯ ಇಲ್ಲ. ಬೇರೆ ಮರ ಹಾಕುವವರು ನೆಡುವ ಮುನ್ನವೇ ಅರಣ್ಯ ಇಲಾಖೆಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಕಡಿಯುವ ದಿನ ಓಡಾಡುವುದು ತಪ್ಪುತ್ತದೆ.

ಗಟ್ಟಿತನ ಬೇಕಾದವರಿಗೆ ಕಮರ

ಈಗ ಮೊದಲಿನ ಮಾತಿಗೆ ಬರುತ್ತೇನೆ. ಬದುಕುವುದೇ ಕಷ್ಟ ಅನ್ನುವ ಜಾಗದಲ್ಲಿ ಎಲೆ ಬಿಟ್ಟು, ಉಸಿರು ಹಿಡಿದು, ಮತ್ತೆ ಚಿಗುರುವ ಮರ. ಲಾರ್ಚ್ ಅಂದರೆ ಅದೇ ಅಲ್ವಾ? ಅಂಥದ್ದು ನಮ್ಮಲ್ಲೇ ಇದೆ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿಗೆ ಹೋಗಿ ನೋಡಿ. 2019ರಲ್ಲಿ ಚಿಂಕಾರ ವನ್ಯಧಾಮ ಅಂತ ಘೋಷಿಸಿದರಲ್ಲ, ಅದೇ ಕಾಡು. ಅಲ್ಲಿ ಕಮರ ಮರಗಳಿವೆ.

ನನ್ನ ಷಡ್ಡಕರ ಊರು ಆ ಕಡೆ. ಒಂದು ಮಾರ್ಚ್ ತಿಂಗಳು ಅವರ ಜೊತೆ ಹೋಗಿದ್ದೆ. ಕಲ್ಲು, ಗೊರಚು ಮಣ್ಣು, ಮುಳ್ಳು. ಬೋಳು ಮರಗಳು. ಸತ್ತಿವೆ ಅಂತ ನಾನು ಅಂದೆ. "ಸುಮ್ನಿರಿ, ಹದಿನೈದು ದಿನ ಬಿಟ್ಟು ಬಂದು ನೋಡಿ" ಅಂದರು. ಮತ್ತೆ ಹೋದಾಗ ತಾಮ್ರ ಬಣ್ಣದ ಚಿಗುರು. ಮಳೆ ಒಂದು ಹನಿ ಬಿದ್ದಿರಲಿಲ್ಲ.

ಕಮರದ ಎಲೆ ಚಿಟ್ಟೆ ರೆಕ್ಕೆಯ ಹಾಗೆ, ಬುಡದಲ್ಲಿ ಸೇರಿದ ಎರಡು ಎಸಳು. ತುದಿ ಕೊಂಬೆಗಳು ಸಣ್ಣಗೆ ಇಳಿಬಿದ್ದಿರುತ್ತವೆ. ಎಳೆ ಲಾರ್ಚ್‌ನ ಕೊಂಬೆಯೂ ಹೀಗೇ ಇಳಿಯುತ್ತದೆ, ಫೋಟೋ ಪಕ್ಕಕ್ಕಿಟ್ಟು ನೋಡಿದೆ. ಮರ ನೀರಲ್ಲಿ ಮುಳುಗುತ್ತದೆ, ಅಷ್ಟು ಭಾರ. ನಮ್ಮ ದೇಶದ ಅತಿ ಭಾರದ ಮರಗಳಲ್ಲಿ ಇದೊಂದು. ಸೊಪ್ಪು ದನಕ್ಕೆ ಮೇವು. ತೊಗಟೆಯ ನಾರಿನಲ್ಲಿ ಹಗ್ಗ ಹೊಸೆಯುತ್ತಿದ್ದರು. ಬಂಡೆ ಬಿರುಕಲ್ಲಿ ತಾಯಿಬೇರು ಇಳಿಸುವುದರಲ್ಲಿ ಇದನ್ನು ಮೀರಿಸುವ ಮರ ನಾನು ನೋಡಿಲ್ಲ.

ಕಷ್ಟಗಳನ್ನೂ ಹೇಳಬೇಕು. ಬೆಳವಣಿಗೆ ನಿಧಾನ, ತುಂಬಾ ನಿಧಾನ. ಮೊದಲ ವರ್ಷಗಳಲ್ಲಿ ಮೇಲೆ ಗೇಣುದ್ದ ಕಂಡರೆ ಕೆಳಗೆ ಮಾರುದ್ದ ಬೇರು. ನೋಡುವವರು ಗಿಡ ಏಳಲಿಲ್ಲ ಅಂದುಕೊಂಡು ಕಿತ್ತುಹಾಕುತ್ತಾರೆ. ಆಡು ಕಂಡರೆ ಉಳಿಯುವುದಿಲ್ಲ, ಮುಳ್ಳಿನ ಬೇಲಿ ಬೇಕೇ ಬೇಕು. ಬೀಜ ಪ್ರತಿ ವರ್ಷ ಚೆನ್ನಾಗಿ ಕಟ್ಟುವುದಿಲ್ಲ, ಕೆಲವು ವರ್ಷಕ್ಕೊಮ್ಮೆ ಸುಗ್ಗಿ. ರೆಕ್ಕೆಯಂಥ ಒಣ ಕಾಯಿ, ತುದಿಯಲ್ಲಿ ಒಂದೇ ಬೀಜ. ಸಿಕ್ಕಾಗ ಹೊಸದರಲ್ಲೇ ಬಿತ್ತಬೇಕು. ಚಿಕ್ಕ ಪ್ಯಾಕೆಟ್ಟಿನಲ್ಲಿ ಬೆಳೆಸಿದರೆ ತಾಯಿಬೇರು ಸುರುಳಿ ಸುತ್ತಿಕೊಳ್ಳುತ್ತದೆ, ಅಂಥ ಗಿಡ ಮುಂದೆ ಉದ್ಧಾರವಾಗುವುದಿಲ್ಲ. ಉದ್ದನೆ ಪ್ಯಾಕೆಟ್ಟೇ ಬೇಕು. ಇಲ್ಲದಿದ್ದರೆ ನೇರ ಗುಂಡಿಗೆ ಮೂರು ಬೀಜ ಹಾಕಿ.

ದುಡ್ಡು ಬೇಗ ಬೇಕಾದವರು ಕಮರದ ಹತ್ತಿರ ಸುಳಿಯಬೇಡಿ. ವರ್ಷಕ್ಕೆ ಏಳುನೂರು ಮಿಲಿಮೀಟರ್ ಮಳೆ ನಂಬಿದ ಕಲ್ಲು ಜಮೀನಿನ ಮೇಲಂಚಿಗೆ, ಬೋರ್‌ವೆಲ್ ನೀರು ಮುಟ್ಟದ ಕಡೆಗೆ, ಇದಕ್ಕಿಂತ ಒಳ್ಳೆಯ ಮರ ನನಗೆ ಕಾಣುತ್ತಿಲ್ಲ.

ಲಾರ್ಚನ್ನೇ ನೋಡಬೇಕು ಅಂದರೆ

ನೆಡಬೇಡಿ, ಹೋಗಿ ನೋಡಿ. ಸ್ವಿಟ್ಜರ್ಲೆಂಡಿಗೇ ಹೋಗಬೇಕಿಲ್ಲ. ಸಿಕ್ಕಿಂ ಲಾರ್ಚ್ ಪೂರ್ವ ನೇಪಾಳದಿಂದ ಸಿಕ್ಕಿಂ, ಭೂತಾನ್, ಅರುಣಾಚಲದವರೆಗೆ ಹಬ್ಬಿದೆ, ಹೆಚ್ಚಾಗಿ ಮೂರು ಸಾವಿರ ಮೀಟರ್ ಎತ್ತರದ ಆಸುಪಾಸಿನಿಂದ ನಾಲ್ಕು ಸಾವಿರದವರೆಗೆ. ನಂದಿಬೆಟ್ಟದ ಎರಡರಷ್ಟು ಎತ್ತರದಿಂದ ಅದರ ಸೀಮೆ ಶುರು ಅನ್ನಿ. ವಿಲಿಯಂ ಗ್ರಿಫಿತ್ ಅನ್ನುವ ಸಸ್ಯವಿಜ್ಞಾನಿಯ ಹೆಸರು ಅದರ ಲ್ಯಾಟಿನ್ ಹೆಸರಿನಲ್ಲಿದೆ. 1848, 49ರಲ್ಲಿ ಜೋಸೆಫ್ ಹೂಕರ್ ಸಿಕ್ಕಿಂನಲ್ಲಿ ತಿರುಗಾಡುವಾಗ ಲಾಚೆನ್, ಲಾಚುಂಗ್ ಕಣಿವೆಗಳಲ್ಲಿ ಈ ಮರ ಕಂಡಿದ್ದ.

ಯುರೋಪಿನ ಲಾರ್ಚ್‌ಗೂ ಇದಕ್ಕೂ ಹೋಲಿಸಿದರೆ ಶಂಕುವಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಯುರೋಪಿನದು ಹೆಬ್ಬೆರಳಿನ ತುದಿಯಷ್ಟು. ಸಿಕ್ಕಿಂನದು ಅಂಗೈ ಉದ್ದ, ಚಿಪ್ಪುಗಳ ನಡುವಿಂದ ಚೂಪು ನಾಲಿಗೆಗಳು ಹೊರಗೆ ಚಾಚಿ ಕೆಳಗೆ ಬಾಗಿರುತ್ತವೆ. ಒಂದು ಸಲ ನೋಡಿದರೆ ಮರೆಯುವ ಹಾಗಿಲ್ಲ. ಬಣ್ಣ ನೋಡಲು ಹೋಗುವವರು ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಹೋಗಬೇಕು, ಅಂದರೆ ಹೆಚ್ಚು ಕಡಿಮೆ ನಮ್ಮ ದೀಪಾವಳಿ ರಜೆ. ಉತ್ತರ ಸಿಕ್ಕಿಂಗೆ ನಮಗೂ ಪರ್ಮಿಟ್ ಬೇಕು. 2023ರ ಅಕ್ಟೋಬರಿನ ಪ್ರವಾಹದಲ್ಲಿ ಅಲ್ಲಿನ ರಸ್ತೆ, ಸೇತುವೆ ಕೊಚ್ಚಿಹೋಗಿದ್ದವು. ಭೂಕುಸಿತ ಆಗಾಗ ಆಗುವ ಜಾಗ, ಹಾಗಾಗಿ ದಾರಿ ತೆರೆದಿದೆಯೇ ಅಂತ ವಿಚಾರಿಸಿಯೇ ಟಿಕೆಟ್ ಮಾಡಿ. ಬರುವಾಗ ಬಿದ್ದ ಶಂಕು ಒಂದು ತನ್ನಿ ಅಂತ ಯಾರಾದರೂ ಹೇಳಿದರೆ ಅಲ್ಲಿಯ ಅರಣ್ಯದವರನ್ನು ಕೇಳಿ ತನ್ನಿ. ಬೀಜ ಮಾತ್ರ ಬೇಡ. ನನ್ನ ಹನ್ನೊಂದು ಸಸಿ ನೆನಪಿರಲಿ.

ಸೋದರಳಿಯನ ಜಮೀನಿನ ಲೆಕ್ಕ ಕೊನೆಗೆ ಹೀಗೆ ಆಯಿತು. ಪಡುವಣ ಗಾಳಿ ಬಡಿಯುವ ಕಡೆ ಎರಡು ಸಾಲು ಸರ್ವೆ. ಬದುವಿಗೆ ಸಿಲ್ವರ್ ಓಕ್. ಬಂಡೆ ಇಳಿಜಾರಿಗೆ ಅರಿಶಿನ ಬೂರುಗ ಆರು, ಮೇಲಂಚಿಗೆ ಕಮರ ಹನ್ನೆರಡು. ಮನೆ ಕಟ್ಟುವ ಜಾಗದಿಂದ ನಲವತ್ತಡಿ ದೂರ ಅಳೆದು ಒಂದೇ ಒಂದು ಕ್ರಿಸ್ಮಸ್ ಟ್ರೀ, ಅವನ ಹೆಂಡತಿಯ ಆಸೆಗೆ. ಗುಂಡಿಯನ್ನು ಮೇ ತಿಂಗಳಲ್ಲೇ ತೆಗೆಸಿ ಬಿಸಿಲಿಗೆ ಬಿಟ್ಟಿದ್ದೇವೆ. ಮುಂಗಾರಿನ ಎರಡು ಹದ ಮಳೆ ಬಿದ್ದ ಮೇಲೆ ನೆಡುವುದು. ಕಮರದ ಬೀಜ ಷಡ್ಡಕರು ಬಸ್ಸಿನಲ್ಲಿ ಕಳಿಸಿದ್ದಾರೆ. ಈಗ ಅಡುಗೆ ಮನೆಯ ಕಟ್ಟೆ ಮೇಲೆ ಕಾಗದದ ಪೊಟ್ಟಣದಲ್ಲಿವೆ. ಫ್ರಿಜ್ಜಿಗೆ ಇಡಬೇಕಾ ಅಂತ ಮನೆಯವಳು ಕೇಳಿದಳು. ಬೇಡ ಅಂದೆ.